ಓಟದ ಪ್ರಶ್ನೆ: ಕಾವೇರಿ ಬಯಲಿನ ದಾರಿಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೃಷ್ಣರಾಜಸಾಗರದಿಂದ ಶ್ರೀರಂಗಪಟ್ಟಣದ ಸಂಗಮದವರೆಗಿನ ಕಾವೇರಿ ಬಯಲಿನವು. ದೈಹಿಕ ಶಿಕ್ಷಕನಾಗಿ ಮಕ್ಕಳನ್ನು ಓಡಿಸಿದ್ದು ಇದೇ ಸೀಮೆಯಲ್ಲಿ, ನಿವೃತ್ತಿಯ ನಂತರ ನಾನು ಓಡುತ್ತಿರುವುದೂ ಇಲ್ಲೇ. ಹಾಗಾಗಿ ಅವನ್ನೆಲ್ಲ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಹಾಫ್ ಮ್ಯಾರಥಾನ್‌ಗೆ ತಯಾರಿ ನಡೆಸುತ್ತಿದ್ದೇನೆ. ಕುಕ್ಕರಹಳ್ಳಿ ಕೆರೆಯ ಸುತ್ತು, ಚಾಮುಂಡಿ ಬೆಟ್ಟದ ಏರು ಎರಡೂ ಸಾಕಾಗಿವೆ. ನದಿಯ ಪಕ್ಕದಲ್ಲಿ ಹತ್ತು–ಹದಿನೈದು ಕಿಲೋಮೀಟರ್ ಓಡಲು ದಾರಿ ತಿಳಿಸಿ. (ಓದುಗರು, ಮೈಸೂರು)

ಉತ್ತರ: ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಶ್ರೀರಂಗಪಟ್ಟಣಕ್ಕೆ ಬನ್ನಿ. ಕೋಟೆಯೊಳಗೆ ರಂಗನಾಥಸ್ವಾಮಿ ದೇವಸ್ಥಾನದ ಮುಂದಿನ ಬಯಲಿನಲ್ಲಿ ಮೈ ಬಿಸಿ ಮಾಡಿಕೊಂಡು ಹೊರಡಿ. ಹಳೆಯ ಬೆಂಗಳೂರು ಹೆದ್ದಾರಿಯನ್ನು ದಾಟುವಾಗ ಮಾತ್ರ ನಿಂತು ಎರಡೂ ಕಡೆ ನೋಡಿ. ಆಮೇಲೆ ದರಿಯಾ ದೌಲತ್, ಗಂಜಾಂ, ಗುಂಬಜ್ ಹಾದು ಸಂಗಮ. ಕಾವೇರಿ ಎರಡಾಗಿ ಒಡೆದು ಈ ದ್ವೀಪವನ್ನು ಬಳಸಿ ಮತ್ತೆ ಕೂಡುವ ಜಾಗ ಅದು. ಹೋಗುವುದಕ್ಕೆ ಸುಮಾರು 5 ಕಿ.ಮೀ., ಬಂದರೆ 10. ಇನ್ನಷ್ಟು ಬೇಕೆಂದರೆ ಗಂಜಾಂನಿಂದ ನಿಮಿಷಾಂಬ ದೇವಸ್ಥಾನದ ಕಡೆ ತಿರುಗಿ, ಹೊಳೆ ನೋಡಿಕೊಂಡು ಬನ್ನಿ. ಹುಣ್ಣಿಮೆ, ಅಮಾವಾಸ್ಯೆಗಳಂದು ಈ ದಾರಿ ಬೇಡ. ಸಂಗಮಕ್ಕೂ ನಿಮಿಷಾಂಬಕ್ಕೂ ಬರುವ ವಾಹನಗಳ ನಡುವೆ ಓಟ ಸಾಗುವುದಿಲ್ಲ.

ಈ ದಾರಿಗೆ ಏರಿಲ್ಲ ಎಂಬುದೊಂದೇ ಕೊರತೆ. ಅದಕ್ಕೆ ಕರೀಘಟ್ಟವಿದೆ. ಬೆಟ್ಟದ ಮೇಲಿನ ಶ್ರೀನಿವಾಸನ ಗುಡಿಗೆ ಮೆಟ್ಟಿಲೂ ಇವೆ, ಬಳಸಿ ಹತ್ತುವ ಡಾಂಬರು ರಸ್ತೆಯೂ ಇದೆ. ಹತ್ತುವಾಗ ರಸ್ತೆಯಲ್ಲಿ ಸಣ್ಣ ಹೆಜ್ಜೆ ಇಟ್ಟು ಓಡಿ. ಇಳಿಯುವಾಗ ಮೆಟ್ಟಿಲಲ್ಲಿ ನಡೆದು ಬನ್ನಿ, ಓಡಬೇಡಿ. ಮೇಲೆ ಎರಡು ನಿಮಿಷ ನಿಂತರೆ ಕೆಳಗೆ ಲೋಕಪಾವನಿ ಕಾವೇರಿಯನ್ನು ಸೇರುವುದು, ದ್ವೀಪದ ಗದ್ದೆಗಳು, ದೂರದಲ್ಲಿ ಮೈಸೂರಿನ ಬೆಟ್ಟ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ನೀವು ಓಡಿದ ದಾರಿ ಅಲ್ಲಿಂದ ಪೂರ್ತಿ ಅರ್ಥವಾಗುತ್ತದೆ.

ಪ್ರಶ್ನೆ: ನಮ್ಮೂರಿನ ಮೇಲೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಹೋಗುತ್ತದೆ. ಏರಿ ಸಮತಟ್ಟಾಗಿದೆ, ವಾಹನವೂ ಕಡಿಮೆ. ನಸುಕಿನಲ್ಲಿ ಅಲ್ಲಿ ಓಡಬಹುದೇ? (ಓದುಗರು, ಪಾಂಡವಪುರ ತಾಲ್ಲೂಕು)

ಉತ್ತರ: ಓಡಬಹುದು. ಆದರೆ ನಸುಕಿನಲ್ಲಿ ಬೇಡ, ನೀರು ತುಂಬಿ ಹರಿಯುವಾಗ ಅಂಚಿನಲ್ಲಿ ಬೇಡ, ಒಬ್ಬರೇ ಅಂತೂ ಬೇಡವೇ ಬೇಡ. ಯಾಕೆಂದು ಬಿಡಿಸಿ ಹೇಳುತ್ತೇನೆ.

ಏರಿ ಸಮತಟ್ಟಾಗಿರುವುದಕ್ಕೆ ಕಾರಣವಿದೆ. ನಾಲೆಯ ನೀರು ಗದ್ದೆಗಿಂತ ಮೇಲೆ ಉಳಿಯಬೇಕಾದರೆ ಅದರ ಇಳಿಜಾರು ಕಣ್ಣಿಗೆ ಕಾಣದಷ್ಟು ಕಡಿಮೆಯಿರಬೇಕು. ಅದಕ್ಕಾಗಿ ನಾಲೆ ಪ್ರತಿ ದಿಣ್ಣೆಯನ್ನೂ ಬಳಸಿಕೊಂಡು ಹೋಗುತ್ತದೆ. ಓಟಗಾರನಿಗೆ ಇದು ವರ: ಒಂದೇ ವೇಗದಲ್ಲಿ ಎಷ್ಟು ದೂರ ಬೇಕಾದರೂ ಹೋಗಬಹುದು. ನಮ್ಮ ಬಯಲಿನಲ್ಲಿ ನಾಲೆಗಳು ಅಂತಸ್ತು ಅಂತಸ್ತಾಗಿಯೂ ಇವೆ. ಒಡೆಯರ ಕಾಲದ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಯಸಾಗರ ನಾಲೆ, ವಿರಿಜಾ ನಾಲೆಗಳು ನದಿಗೆ ಅಡ್ಡ ಕಟ್ಟಿದ ಕಟ್ಟೆಗಳಿಂದ ಹೊರಟವು, ಆದ್ದರಿಂದ ಹೊಳೆಯ ಹತ್ತಿರದಲ್ಲೇ, ಕೆಳಗೇ ಇವೆ. ವಿಶ್ವೇಶ್ವರಯ್ಯ ನಾಲೆ ಕೃಷ್ಣರಾಜಸಾಗರದ ಅಣೆಕಟ್ಟೆಯಿಂದಲೇ ಹೊರಡುವುದರಿಂದ ಬಹಳ ಮೇಲಿದೆ. ಹುಲಿಕೆರೆಯಲ್ಲಿ ಗುಡ್ಡವನ್ನೇ ಕೊರೆದು ಸುರಂಗದಲ್ಲಿ ದಾಟಿದೆ. ಊರಿನಿಂದ ಹಳೇ ನಾಲೆಗೆ ಇಳಿದು, ಅಲ್ಲಿಂದ ವಿ.ಸಿ. ನಾಲೆಗೆ ಹತ್ತಿ, ಮತ್ತೆ ಇಳಿದರೆ ಕಾಲಿಗೆ ಏರಿಳಿತದ ಅಭ್ಯಾಸ ಪೂರ್ತಿ ಸಿಗುತ್ತದೆ. ಇದಕ್ಕಿಂತ ಒಳ್ಳೆಯ ತಾಲೀಮು ಬೆಂಗಳೂರಿನ ಯಾವ ಜಿಮ್‌ನಲ್ಲೂ ಇಲ್ಲ.

ಇನ್ನು ಅಪಾಯದ ಮಾತು. ಕಾಂಕ್ರೀಟು ಹಾಕಿದ ನಾಲೆಯ ಒಳಮೈಯನ್ನು ಹಗಲಿನಲ್ಲಿ ಒಮ್ಮೆ ಹತ್ತಿರದಿಂದ ನೋಡಿ. ನೀರು ಮುಟ್ಟುವ ಮಟ್ಟದವರೆಗೆ ಹಸಿರು ಪಾಚಿ, ಅದರ ಮೇಲೆ ಸಣ್ಣ ಮಣ್ಣಿನ ಲೇಪ. ಕೈಯಿಟ್ಟರೆ ಜಾರುತ್ತದೆ, ಹಿಡಿಯಲು ಒಂದು ಬೇರಿಲ್ಲ, ಕಲ್ಲಿಲ್ಲ. ಈಜು ಬಲ್ಲವರೂ ಸೋಪಾನ ಸಿಗುವವರೆಗೆ ತೇಲಿಕೊಂಡೇ ಹೋಗಬೇಕು. ತಡೆಗೋಡೆಯಿಲ್ಲದ ಏರಿಗಳಲ್ಲಿ ಎಷ್ಟು ಮನೆಗಳು ದೀಪ ಕಳೆದುಕೊಂಡಿವೆ ಎಂದು ಮಂಡ್ಯ ಜಿಲ್ಲೆಯವರಿಗೆ ಹೇಳಬೇಕಿಲ್ಲ. 2018ರ ನವೆಂಬರ್‌ನಲ್ಲಿ ಕನಗನಮರಡಿ ಬಳಿ ಇಡೀ ಬಸ್ಸೇ ಇದೇ ನಾಲೆಗೆ ಬಿದ್ದು ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಹೋದರು. ಆ ಊರಿನ ಕಡೆ ಓಡುವಾಗ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ.

ಆದ್ದರಿಂದ ನಾಲೆಯ ಕಡೆಯ ಅಂಚನ್ನು ಬಿಟ್ಟು, ಗದ್ದೆಯ ಕಡೆಯ ಅಂಚಿನಲ್ಲಿ ಓಡಿ. ಕಿವಿಗೆ ಇಯರ್‌ಫೋನ್ ಬೇಡ. ಯಾರಾದರೂ ಬಿದ್ದರೆ ಹಿಂದೆಯೇ ಜಿಗಿಯಬೇಡಿ. ಹಗ್ಗ, ಸೀರೆ, ಉದ್ದನೆಯ ಬಿದಿರು, ಏನು ಸಿಕ್ಕರೆ ಅದನ್ನು ಎಸೆಯಿರಿ, ಕೂಗಿ ಜನ ಸೇರಿಸಿ. ನೀರು ಯಾವಾಗ ಬಿಡುತ್ತಾರೆ, ಯಾವಾಗ ನಿಲ್ಲಿಸುತ್ತಾರೆ ಎಂದು ನಾಲೆಯ ನೀರು ನೋಡಿಕೊಳ್ಳುವ ಸೌಡಿಯನ್ನು ಕೇಳಿಟ್ಟುಕೊಳ್ಳಿ. ಮಳೆ ಕಡಿಮೆಯಾದ ವರ್ಷ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುವುದರಿಂದ ನಿನ್ನೆ ಒಣಗಿದ್ದ ನಾಲೆ ಇಂದು ತುಂಬಿರಬಹುದು. ಏರಿ ಇರುವುದು ಮೊದಲು ಸೌಡಿಗಳಿಗೆ, ರೈತರಿಗೆ. ಗಾಡಿ ಬಂದರೆ ನಾವು ಇಳಿದು ನಿಲ್ಲಬೇಕು.

ಪ್ರಶ್ನೆ: ನಾನು ಬಿ.ಇಡಿ. ಓದುತ್ತಿರುವ ಹುಡುಗಿ. ಊರಿನಲ್ಲಿ ಓಡಿದರೆ ಎಲ್ಲರೂ ನಿಂತು ನೋಡುತ್ತಾರೆ. ಜನರಿಲ್ಲದ ದಾರಿ ಹಿಡಿಯಲು ಅಮ್ಮ ಬಿಡುವುದಿಲ್ಲ. ಏನು ಮಾಡಲಿ? (ಓದುಗರು, ಶ್ರೀರಂಗಪಟ್ಟಣ ತಾಲ್ಲೂಕು)

ಉತ್ತರ: ನಿಮ್ಮ ಅಮ್ಮ ಹೇಳುವುದು ಸರಿ. ಜನರಿಲ್ಲದ ದಾರಿ ಹುಡುಕಬೇಡಿ, ಹೆಂಗಸರಿರುವ ಹೊತ್ತನ್ನು ಹುಡುಕಿ. ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಹೊತ್ತಿನಲ್ಲಿ ನಿಮ್ಮೂರ ರಸ್ತೆಯ ತುಂಬ ಕ್ಯಾನು ಹಿಡಿದ ಅಕ್ಕಂದಿರು, ಅತ್ತೆಯಂದಿರು ಇರುತ್ತಾರೆ. ಆ ಮುಕ್ಕಾಲು ಗಂಟೆ ನಿಮ್ಮದು. ಡೈರಿಯಿಂದ ಶಾಲೆ, ಶಾಲೆಯಿಂದ ಮಾರಿಗುಡಿ, ಮತ್ತೆ ಡೈರಿ, ಹೀಗೆ ಸುತ್ತು ಹಾಕಿ. ಮೊದಲ ವಾರ ನೋಡುತ್ತಾರೆ, ಎರಡನೇ ವಾರ ಯಾಕೆ ಓಡುತ್ತೀಯ ಎಂದು ಕೇಳುತ್ತಾರೆ, ಆಮೇಲೆ ಒಂದು ದಿನ ನೀವು ಬಾರದಿದ್ದರೆ ಮೈ ಹುಷಾರಿಲ್ಲವೇ ಎಂದು ಮನೆಗೇ ಬರುತ್ತಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೀಗೆಯೇ ಶುರು ಮಾಡಿ ಪೊಲೀಸ್ ದೈಹಿಕ ಪರೀಕ್ಷೆಯಲ್ಲಿ ಗೆದ್ದಳು. ನೀವು ಖಂಡಿತ ಓಡಿ. ಯಾರಾದರೂ ಹಿಂಬಾಲಿಸಿದರೆ ಸಹಿಸಿಕೊಂಡು ಸುಮ್ಮನಿರಬೇಡಿ, ಮನೆಯಲ್ಲಿ ಹೇಳಿ, 112ಕ್ಕೆ ಕರೆ ಮಾಡಿ.

ಪ್ರಶ್ನೆ: ಕಬ್ಬಿನ ಗದ್ದೆಗಳ ನಡುವೆ ಚಿರತೆ ಭಯವಿದೆ. ಓಟ ನಿಲ್ಲಿಸಬೇಕೇ? (ಓದುಗರು, ಕೆ.ಆರ್.ಎಸ್. ಸಮೀಪ)

ಉತ್ತರ: ಭಯ ಸುಳ್ಳಲ್ಲ. 2022ರಲ್ಲಿ ಚಿರತೆ ಕಂಡಿದ್ದಕ್ಕೆ ಕೆ.ಆರ್.ಎಸ್.ನ ಬೃಂದಾವನ ಉದ್ಯಾನವನ್ನೇ ಮುಚ್ಚಿದ್ದರು. ಆಳೆತ್ತರದ ಕಬ್ಬು ಅದಕ್ಕೆ ಕಾಡಿನಷ್ಟೇ ಒಳ್ಳೆಯ ಮರೆ, ಊರ ನಾಯಿಗಳು ಸುಲಭದ ಬೇಟೆ. ಕಬ್ಬು ಬೆಳೆದು ನಿಂತ ತಿಂಗಳುಗಳಲ್ಲಿ ಕತ್ತಲಲ್ಲಿ ಆ ದಾರಿ ಬಿಡಿ. ಸೂರ್ಯ ಹುಟ್ಟಿದ ಮೇಲೆ, ಇಬ್ಬರು ಮೂವರು ಮಾತಾಡುತ್ತಾ ಓಡಿ. ಎದುರಾದರೆ ಬೆನ್ನು ತೋರಿಸಿ ಓಡಬೇಡಿ, ಕೈ ಎತ್ತಿ ನಿಂತು, ಗಟ್ಟಿಯಾಗಿ ಕೂಗುತ್ತಾ ಹಿಂದೆ ಹಿಂದೆ ಸರಿಯಿರಿ. ಕಟಾವಿನಲ್ಲಿ ಮರಿ ಸಿಕ್ಕಿದೆ ಎಂದು ಕೇಳಿದರೆ ಸೆಲ್ಫಿಗೆ ಹೋಗಬೇಡಿ. ತಾಯಿ ಹತ್ತಿರದಲ್ಲೇ ಇರುತ್ತದೆ, ಅರಣ್ಯ ಇಲಾಖೆಗೆ ತಿಳಿಸಿ. ಕಟಾವಿನ ದಿನಗಳಲ್ಲಿ ಚಿರತೆಗಿಂತ ನನಗೆ ಹೆಚ್ಚು ಚಿಂತೆ ಎರಡು ಟ್ರೇಲರ್ ಕಟ್ಟಿಕೊಂಡು ಮಂಜಿನಲ್ಲಿ ಬರುವ ಕಬ್ಬಿನ ಟ್ರ್ಯಾಕ್ಟರಿನದು. ಹಿಂದೆ ದೀಪವಿರುವುದಿಲ್ಲ, ಕಬ್ಬಿನ ತುದಿ ಎರಡೂ ಕಡೆ ಚಾಚಿರುತ್ತದೆ. ಹೊಳೆಯುವ ಪಟ್ಟಿಯ ಬನಿಯನ್ ತೊಡಿ, ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡಿ.

ಪ್ರಶ್ನೆ: ಬರಿಗಾಲಲ್ಲಿ ಗದ್ದೆ ಬದುವಿನ ಮೇಲೆ ಓಡಿದರೆ ಕಾಲು ಗಟ್ಟಿಯಾಗುತ್ತದೆಯೇ? (ವಿದ್ಯಾರ್ಥಿ, ಮದ್ದೂರು)

ಉತ್ತರ: ಬದು ನಡೆಯಲಿಕ್ಕೆ. ತುಳಿದು ಕುಸಿದರೆ ರೈತನ ನೀರು ಪಕ್ಕದ ಗದ್ದೆಗೆ ಹೋಗುತ್ತದೆ. ಕಬ್ಬು ಕಡಿದ ಹೊಲದ ಕೂಳೆ ಚೂಪಾಗಿರುತ್ತದೆ, ಅಲ್ಲಿ ಬರಿಗಾಲು ಇಡಲೇಬೇಡ. ಶಾಲೆಯ ಮೈದಾನದಲ್ಲಿ ಸ್ವಲ್ಪ ಸ್ವಲ್ಪವಾಗಿ ಶುರು ಮಾಡು.

ಪ್ರಶ್ನೆ: ಓಟ ಮುಗಿಸಿ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂರುವ ಅಭ್ಯಾಸ ನಮ್ಮ ತಂಡಕ್ಕಿದೆ. ತಣ್ಣೀರು ಸ್ನಾಯುಗಳಿಗೆ ಒಳ್ಳೆಯದಲ್ಲವೇ? (ಓದುಗರು, ಶ್ರೀರಂಗಪಟ್ಟಣ)

ಉತ್ತರ: ಒಳ್ಳೆಯದೇ, ಆದರೆ ಜಾಗ ನೋಡಿ. ರಂಗನತಿಟ್ಟಿನಲ್ಲಿ ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆಗಳು ಅಲ್ಲಿಗೇ ಕಟ್ಟಿಹಾಕಿಕೊಂಡಿಲ್ಲ, ಅದೇ ನೀರು ನಿಮ್ಮಲ್ಲಿಗೂ ಬರುತ್ತದೆ. ಗಿಡ ಮುಚ್ಚಿದ ದಡ, ಮಡು, ಬಂಡೆಗಳ ಸಂದು ಬೇಡ. ಜನ ಸ್ನಾನ ಮಾಡುವ ಸೋಪಾನಕಟ್ಟೆಯಲ್ಲಿ, ಕಾಣುವ ಮೆಟ್ಟಿಲ ಮೇಲೆ ಕುಳಿತುಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಕೃಷ್ಣರಾಜಸಾಗರದ ಮಟ್ಟ 124.80 ಅಡಿಯ ಹತ್ತಿರ ಬಂತು ಎಂದು ಪತ್ರಿಕೆಯಲ್ಲಿ ಓದಿದ ದಿನದಿಂದ ಹೊಳೆಗೆ ಇಳಿಯುವುದನ್ನು ನಿಲ್ಲಿಸಿ. ಗೇಟು ತೆಗೆದರೆ ಪಶ್ಚಿಮವಾಹಿನಿ, ಸಂಗಮಗಳ ಮೆಟ್ಟಿಲುಗಳು ನೋಡನೋಡುತ್ತಲೇ ಮುಳುಗುತ್ತವೆ. ಆ ತಿಂಗಳುಗಳಲ್ಲಿ ಮನೆಯ ಬಚ್ಚಲಲ್ಲಿ ಒಂದು ಬಕೆಟ್ ತಣ್ಣೀರು ಸಾಕು.