ಓದುಗರ ಪ್ರಶ್ನೆ, ಅಕ್ಕನ ಉತ್ತರ: ಮಗಳು ಕೀನ್ಯಾಗೆ ಹೊರಟಿದ್ದಾಳೆ

ಪ್ರಶ್ನೆ: ಅಕ್ಕಾ, ನಾವು ಧಾರವಾಡದವರು, ಪುಣೆಯ ಪಿಂಪ್ರಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದೇವೆ. ಮಗಳು ನರ್ಸಿಂಗ್ ಮುಗಿಸಿ ಇಲ್ಲೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಈಗ ಪಶ್ಚಿಮ ಕೀನ್ಯಾದಲ್ಲಿ ಕ್ರೈಸ್ತ ಮಿಷನ್ ನಡೆಸುವ ಒಂದು ಮಕ್ಕಳ ಮನೆಯಲ್ಲಿ, ಅಂದರೆ ಅನಾಥಾಲಯದಲ್ಲಿ, ಎರಡು ವರ್ಷ ಸೇವೆ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಅವರ ಅಪ್ಪ ಬೇಡ ಅಂತಾರೆ. ನೀವು ಅಲ್ಲಿ ಇದ್ದು ಬಂದವರು. ಕಳಿಸಲಾ?
(ಒಬ್ಬ ತಾಯಿ, ಪಿಂಪ್ರಿ)

ಉತ್ತರ: ಕಳಿಸಿ ತಾಯಿ. ಆದರೆ ಎರಡು ವರ್ಷ ಪೂರ್ತಿ ಇರ್ತಾಳಾ ಅಂತ ಮೊದಲು ಕೇಳಿ.

ನಾನು ಪಶ್ಚಿಮ ಕೀನ್ಯಾದ ಕಿಸುಮು ಊರಿನ ಹತ್ತಿರ ಇಂಥದ್ದೇ ಮನೆಯಲ್ಲಿ ಆರು ವರ್ಷ ಇದ್ದೆ. ಮಿಷನರಿ ಅಂದ ತಕ್ಷಣ ನಮಗೆ ಪ್ರಸಂಗ, ಹಾಡು ನೆನಪಾಗುತ್ತೆ ಅಲ್ವಾ? ನನ್ನ ದಿನ ಹೋಗಿದ್ದು ಬೀನ್ಸ್ ಕಾಳಿನಲ್ಲಿ ಕಲ್ಲು ಆರಿಸೋದರಲ್ಲಿ, ಕಾಲಿನ ಹುಣ್ಣು ತೊಳೆಯೋದರಲ್ಲಿ, ಹೋಮ್‌ವರ್ಕ್ ನೋಡೋದರಲ್ಲಿ. ವಿಕ್ಟೋರಿಯಾ ಸರೋವರದ ಸುತ್ತ ಮಲೇರಿಯಾ ಜಾಸ್ತಿ. ಅದಕ್ಕೆ ದಿನಾ ರಾತ್ರಿ ಬ್ಯಾಟರಿ ಹಿಡಿದು, ಒಂದೊಂದು ಮಂಚದ ಹತ್ತಿರ ಹೋಗಿ ಸೊಳ್ಳೆಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಬೇಕಿತ್ತು. ಐದು ವರ್ಷದ ಒಬ್ಬ ಹುಡುಗನ ಕಾಲು ಮಾತ್ರ ಯಾವಾಗಲೂ ಪರದೆಯಿಂದ ಹೊರಗೇ ಇರುತ್ತಿತ್ತು. ನಿದ್ದೆಯಲ್ಲಿ ಒದೆಯುತ್ತಾನೆ ಅಂದುಕೊಂಡಿದ್ದೆ. ಒಂದು ರಾತ್ರಿ ನೋಡಿದರೆ ಕಣ್ಣು ಮುಚ್ಚಿಕೊಂಡು ನಗ್ತಾ ಇದ್ದಾನೆ. ನಾನು ಕಾಲು ಹಿಡಿದು ಒಳಗೆ ಇಡಲಿ ಅಂತಲೇ ಹೊರಗೆ ಹಾಕ್ತಿದ್ದ.

ಅಲ್ಲಿಗೆ ಮೂರು ವಾರಕ್ಕೆ ಅಂತ ಒಬ್ಬ ಹುಡುಗಿ ಬಂದಿದ್ದಳು. ಒಳ್ಳೆಯವಳು, ಮಕ್ಕಳನ್ನು ಎತ್ತಿಕೊಂಡೇ ಓಡಾಡುತ್ತಿದ್ದಳು. ಅವಳು ಹೊರಟ ಮೇಲೆ ಆ ಹುಡುಗ ಎಷ್ಟೋ ದಿನ ಗೇಟಿನ ಹತ್ತಿರ ಊಟದ ತಟ್ಟೆ ಹಿಡಿದು ಕೂತಿರುತ್ತಿದ್ದ. ನಿಮ್ಮ ಮಗಳು ಎಷ್ಟು ದಿನ ಇರ್ತಾಳೆ ಅಂತ ಕೇಳಿದ್ದು ಇದಕ್ಕೇ.

ಇನ್ನೊಂದು ಮಾತು. ಇಂಥ ಮನೆಗಳಲ್ಲಿರುವ ಹೆಚ್ಚಿನ ಮಕ್ಕಳು ಪೂರ್ತಿ ಅನಾಥರಲ್ಲ. ಅಪ್ಪನೋ ಅಮ್ಮನೋ ಅಜ್ಜಿಯೋ ಇರುತ್ತಾರೆ, ಬಡತನಕ್ಕೆ ತಂದು ಬಿಟ್ಟಿರುತ್ತಾರೆ. ನಮ್ಮಲ್ಲಿದ್ದ ಒಬ್ಬ ಹುಡುಗಿಯ ಅಜ್ಜಿ ತಿಂಗಳಿಗೊಮ್ಮೆ ಗೆಣಸಿನ ಗಂಟು ತಲೆ ಮೇಲೆ ಹೊತ್ತು ನಡೆದೇ ಬರ್ತಿದ್ದಳು. 2003ರಿಂದ ಕೀನ್ಯಾದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶುಲ್ಕ ಇಲ್ಲ, ಆದರೂ ಯೂನಿಫಾರ್ಮ್, ಶೂ ಹೊಂದಿಸೋಕೆ ಆಗದೆ ಮೊಮ್ಮಗಳನ್ನು ನಮ್ಮಲ್ಲಿ ಬಿಟ್ಟಿದ್ದಳು. ಅದನ್ನು ಕೊಟ್ಟು, ಎರಡು ಆಡು ಕೊಡಿಸಿದೆವು. ಮಗು ಮನೆಗೆ ಹೋಯಿತು. ಈಗ ಕೀನ್ಯಾ ಸರ್ಕಾರವೂ ಇದೇ ದಾರಿ ಹಿಡಿದಿದೆ. 2022ರಿಂದ 2032ರವರೆಗಿನ ಹತ್ತು ವರ್ಷದಲ್ಲಿ ಮಕ್ಕಳನ್ನು ಸಂಸ್ಥೆಗಳಿಂದ ಕುಟುಂಬಗಳಿಗೆ ಸೇರಿಸಬೇಕು ಅನ್ನೋದು ಅದರ ಯೋಜನೆ. ಹಾಗಾಗಿ ಮಗಳು ಹೋಗುವ ಮನೆಯವರನ್ನು ನೇರವಾಗಿ ಕೇಳಿ: ಹೋದ ವರ್ಷ ಎಷ್ಟು ಮಕ್ಕಳು ತಮ್ಮವರ ಹತ್ತಿರ ವಾಪಸ್ ಹೋದರು? ಉತ್ತರ ತಡವರಿಸಿದರೆ ಬೇರೆ ಮನೆ ಹುಡುಕಿ.

ಅವರ ಅಪ್ಪನಿಗೆ ಜ್ವರದ ಭಯ ಇರಬಹುದು. ಧಾರವಾಡದವರಿಗೆ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಗೊತ್ತು. ಅವರು 1834ರಲ್ಲಿ ಮಂಗಳೂರಿಗೆ ಬರುವ ಮೊದಲೇ, 1828ರಲ್ಲಿ ಇವತ್ತಿನ ಘಾನಾಗೆ ನಾಲ್ವರನ್ನು ಕಳಿಸಿದ್ದರು. ಮೂರು ವರ್ಷ ಕಳೆಯುವಷ್ಟರಲ್ಲಿ ನಾಲ್ವರೂ ತೀರಿಹೋಗಿದ್ದರು. ಈಗ ಕಾಲ ಹಾಗಿಲ್ಲ, ಪರದೆ ಇದೆ, ಮಾತ್ರೆ ಇದೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮೊದಲೇ ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಹಾಕಿಸಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತೆ. ಆ ಲಸಿಕೆಯ ಕಾರ್ಡ್ ಇಲ್ಲದೆ ವಾಪಸ್ ಬಂದರೆ ಇಲ್ಲಿ 6 ದಿನದವರೆಗೂ ಕ್ವಾರಂಟೈನ್‌ನಲ್ಲಿ ಇಡಬಹುದು. ಪ್ರವಾಸಿ ಪರವಾನಗಿಯಲ್ಲಿ ಹೋಗಿ ಕೆಲಸ ಮಾಡೋದು ಬೇಡ. ಮಿಷನ್‌ನವರೇ ಕೆಲಸದ ಪರ್ಮಿಟ್ ಮಾಡಿಸಿಕೊಡಬೇಕು.

ಊಟದ ಚಿಂತೆ ಬಿಡಿ. ಉಗಾಲಿ ಅಂದರೆ ನಮ್ಮ ಮುದ್ದೆ ಥರ, ಬಿಳಿ ಮೆಕ್ಕೆಜೋಳದ ಹಿಟ್ಟಿನದು, ಜೊತೆಗೆ ಸೊಪ್ಪಿನ ಪಲ್ಯ. ಚಪಾತಿಗೆ ಅಲ್ಲೂ ಚಪಾತಿ ಅಂತಲೇ, ಚಹಾಕ್ಕೆ ಚಾಯ್ ಅಂತಲೇ ಹೆಸರು. ಗಡಿಯಾರ ಮಾತ್ರ ಗೊಂದಲ. ಸ್ವಾಹಿಲಿಯಲ್ಲಿ ಬೆಳಿಗ್ಗೆ ಏಳು ಗಂಟೆಗೆ 'ಸಾ ಮೋಜಾ', ಅಂದರೆ ಒಂದು ಗಂಟೆ ಅಂತಾರೆ, ಬೆಳಗಿನಿಂದ ಎಣಿಸೋದು. ಔಷಧಿಯ ಹೊತ್ತು ಹೇಳುವಾಗ ಮಗಳು ಇದನ್ನು ಮರೆಯಬಾರದು.

ಪ್ರಶ್ನೆ: ನಮ್ಮ ಚರ್ಚ್ ಸಭೆಯ ಯುವಕರು ಹತ್ತು ದಿನ ಅಂಥ ಮನೆಗೆ ಹೋಗಿ ಗೋಡೆಗೆ ಬಣ್ಣ ಹಚ್ಚಿ, ಮಕ್ಕಳ ಜೊತೆ ಆಡಿ ಬರಬೇಕು ಅಂತಿದ್ದೇವೆ. ಸಲಹೆ ಕೊಡಿ.
(ಸಭೆಯ ಯುವಕ, ಘಾಟ್ಕೋಪರ್, ಮುಂಬೈ)

ಉತ್ತರ: ಹೋಗಬೇಡಿ ತಮ್ಮಾ. ನಿಮ್ಮ ಮನಸ್ಸು ಒಳ್ಳೆಯದು, ಆದರೆ ಬಣ್ಣ ಹಚ್ಚೋರು ಅಲ್ಲೇ ಇದ್ದಾರೆ, ಅವರಿಗೂ ಕೂಲಿ ಬೇಕು. ಗೇಟಿನ ಹತ್ತಿರ ಕೂತ ಹುಡುಗನ ವಿಷಯ ಮೇಲೆ ಬರೆದಿದ್ದೇನೆ, ಓದಿ. ನಿಮ್ಮ ಟಿಕೆಟ್ ದುಡ್ಡನ್ನು ಒಟ್ಟು ಮಾಡಿ, ಮಕ್ಕಳನ್ನು ಅಜ್ಜಿಯರ ಮನೆಗೆ ಸೇರಿಸುವ ಕೆಲಸಕ್ಕೆ ಅಂತಲೇ ಬರೆದು ಕಳಿಸಿ. ಎಷ್ಟು ಯೂನಿಫಾರ್ಮ್, ಎಷ್ಟು ಆಡು ಬಂತು ಅಂತ ಲೆಕ್ಕ ಕೇಳಿ ತರಿಸಿಕೊಳ್ಳಿ.