ಕೇಳ್ರಿ ಮಾಸ್ತರ: ಗೌದಿ ಗೌಂಡಿಯಾದ ಸಮಾಚಾರ

ಹೋದ ಸಂಚಿಕೆಯಲ್ಲಿ ಸ್ಪೇನ್ ದೇಶದ ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಚರ್ಚು, ಅದರ ವಾಸ್ತುಶಿಲ್ಪಿ ಗೌದಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಇಷ್ಟು ಪತ್ರ ಬರುತ್ತವೆ ಅಂತ ಎಣಿಸಿರಲಿಲ್ಲ. ಈ ಸಲ ಅವಕ್ಕೇ ಉತ್ತರ. ಡ್ರಾಯಿಂಗ್ ಪರೀಕ್ಷೆ ಬಗ್ಗೆ ಕೇಳಿದ ಮಕ್ಕಳು ಒಂದು ತಿಂಗಳು ತಾಳ್ರಿ.

ಪ್ರಶ್ನೆ: ಮಾಸ್ತರರಿಗೆ ಶರಣು. ‘ಸ್ಪೇನಿನ ಗೌಂಡಿ’ ಎಂದು ಬರೆದಿದ್ದೀರಿ. ಎರಡೂ ತಪ್ಪು. ನನ್ನ ಅಳಿಯ ನಾಲ್ಕು ವರ್ಷದಿಂದ ಅಲ್ಲಿದ್ದಾನೆ. ಚರ್ಚು ಕಟ್ಟಿದವನ ಹೆಸರು ಗೌದಿ, ಆತ ಕತಲಾನ್ ಅನ್ನುತ್ತಾನೆ.
(ಓದುಗರು, ಸೇಡಂ)

ಉತ್ತರ: ಗೌದಿ ಗೌಂಡಿಯಾದದ್ದು ನನ್ನ ಕೈಬರಹದ ಪ್ರತಾಪ. ಆತ ಇದ್ದಿದ್ದರೆ ಸಿಟ್ಟಾಗುತ್ತಿರಲಿಲ್ಲ ಅನಿಸುತ್ತದೆ. ಅಪ್ಪ ತಾಮ್ರದ ಹಂಡೆ ಬಡಿಯುವ ಕಸುಬಿನವ. ಚಪ್ಪಟೆ ತಗಡು ಸುತ್ತಿಗೆಯ ಪೆಟ್ಟಿಗೆ ಹೊಟ್ಟೆ ಉಬ್ಬಿಸಿಕೊಳ್ಳುವುದನ್ನು ನೋಡುತ್ತ ಬೆಳೆದ ಹುಡುಗ ಅಂತೋನಿ ಗೌದಿ.

ಎರಡನೇ ಮಾತಿಗೆ ಮಾತ್ರ ಕಿವಿ ಹಿಡಿದುಕೊಂಡೆ. ಬಾರ್ಸಿಲೋನಾ ಇರುವ ಕತಲೋನಿಯಾ ನಾಡಿನವರು ಕತಲಾನರು, ಅವರ ಭಾಷೆಯೂ ಕತಲಾನ್. 1714ರ ಸೆಪ್ಟೆಂಬರ್ 11ರಂದು ಬಾರ್ಸಿಲೋನಾ ಸ್ಪೇನಿನ ರಾಜನ ಸೈನ್ಯಕ್ಕೆ ಸೋತಿತು. ಕತಲಾನರು ಇವತ್ತಿಗೂ ಆ ದಿನವನ್ನೇ ತಮ್ಮ ನಾಡಹಬ್ಬವೆಂದು ಆಚರಿಸುತ್ತಾರೆ. ಸೋತ ದಿನವೇ ಹಬ್ಬ, ನೋಡ್ರಿ. 1924ರ ಅದೇ ದಿನ, 1714ರಲ್ಲಿ ಸತ್ತವರ ಸಲುವಾಗಿ ಊರಿನ ಒಂದು ಚರ್ಚಿನಲ್ಲಿ ಪೂಜೆ ಇತ್ತು. 72ರ ಗೌದಿ ಹೊರಟರೆ ಪೊಲೀಸರು ತಡೆದರು. ಅವರು ಸ್ಪ್ಯಾನಿಶ್‌ನಲ್ಲಿ ಕೇಳುವುದು, ಈತ ಕತಲಾನ್‌ನಲ್ಲೇ ಹೇಳುವುದು. ಠಾಣೆಗೆ ಒಯ್ದು ಒಂದಿಷ್ಟು ತಾಸು ಕೂಡಿಸಿ, ದಂಡ ಹಾಕಿ ಬಿಟ್ಟರು. ಸ್ಪ್ಯಾನಿಶ್ ಬಾರದ ಮನುಷ್ಯನಲ್ಲ. ಆ ದಿನ ಆಡಲೊಲ್ಲೆ ಅಂದ, ಅಷ್ಟೇ. ಕಾಗದದ ಲೆಕ್ಕದಲ್ಲಿ ಸ್ಪೇನಿನವ ಅನ್ನುವುದೂ ಸುಳ್ಳಲ್ಲ, ಅಷ್ಟು ವಾದ ನನಗೆ ಬಿಡ್ರಿ.

ಮುಂದೆ 1926ರ ಜೂನ್ 7ಕ್ಕೆ ಟ್ರಾಮ್ ಬಡಿಯಿತು. ಮಾಸಿದ ಅಂಗಿ, ಜೇಬಿನಲ್ಲಿ ಗುರುತಿನ ಕಾಗದವಿಲ್ಲ. ಯಾರೋ ಭಿಕ್ಷುಕ ಅಂದುಕೊಂಡು ಬಡವರ ದವಾಖಾನೆಗೆ ಸೇರಿಸಿದರು. ಮೂರು ದಿನಕ್ಕೆ ತೀರಿಕೊಂಡ. ಈಗ ಮಲಗಿರುವುದು ತಾನು ಕಟ್ಟುತ್ತಿದ್ದ ಚರ್ಚಿನ ನೆಲಮಾಳಿಗೆಯಲ್ಲೇ.

ಪ್ರಶ್ನೆ: ಕತಲಾನ್ ಅಂದರೆ ಸ್ಪ್ಯಾನಿಶ್‌ನ ಒಂದು ಆಡುಮಾತು ಅಲ್ಲವೇ?
(ಉಪನ್ಯಾಸಕಿ, ಆಳಂದ)

ಉತ್ತರ: ಅಲ್ಲ ಮೇಡಂ. ಕಿಟಕಿಗೆ ಸ್ಪ್ಯಾನಿಶ್‌ನಲ್ಲಿ ‘ವೆಂತಾನಾ’, ಕತಲಾನ್‌ನಲ್ಲಿ ‘ಫಿನೆಸ್ತ್ರಾ’. ಮೇಜಿಗೆ ಅಲ್ಲಿ ‘ಮೇಸಾ’, ಇಲ್ಲಿ ‘ತೌಲಾ’. ಎರಡೂ ಲ್ಯಾಟಿನ್ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕತಂಗಿಯರು. ಒಬ್ಬಳು ಇನ್ನೊಬ್ಬಳ ಮಗಳಲ್ಲ. ಅಂದೋರಾ ಎಂಬ ಪುಟ್ಟ ದೇಶಕ್ಕೆ ಕತಲಾನ್ ಒಂದೇ ಅಧಿಕೃತ ಭಾಷೆ. ಅದರ ಕಾಗುಣಿತ, ವ್ಯಾಕರಣ ಸರಿಪಡಿಸಿ 1932ರಲ್ಲಿ ನಿಘಂಟು ಕೊಟ್ಟ ಪೊಂಪೆವ್ ಫಾಬ್ರಾ ಕಲಿತದ್ದು ಇಂಜಿನಿಯರಿಂಗ್. ಏಳೇ ವರ್ಷಕ್ಕೆ ಸ್ಪೇನಿನಲ್ಲಿ ಫ್ರಾಂಕೋನ ಸರ್ವಾಧಿಕಾರ ಬಂತು. ಶಾಲೆ, ಕಚೇರಿಗಳಿಂದ ಕತಲಾನ್ ಹೊರಬಿತ್ತು. ಫಾಬ್ರಾ ಗಡಿ ದಾಟಿ ಹೋಗಿ ಫ್ರಾನ್ಸಿನಲ್ಲೇ ಸತ್ತ. 1975ರಲ್ಲಿ ಫ್ರಾಂಕೋ ಸಾಯುವವರೆಗೆ ಆ ಭಾಷೆಗೆ ಅಡುಗೆಮನೆಯೇ ಅರಮನೆ.

ನಮ್ಮಪ್ಪ ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತವರು. ದಸ್ತಕತ್ ಉರ್ದುವಿನಲ್ಲಿ, ಜಗಳ, ಲೆಕ್ಕ, ವಚನ ಎಲ್ಲ ಕನ್ನಡದಲ್ಲಿ. ಎರಡು ನಾಡಿನ ಕತೆಯನ್ನು ಒಂದೇ ತಕ್ಕಡಿಗೆ ಹಾಕಬಾರದು ಅಂತ ನನಗೂ ಗೊತ್ತದ. ಅಪ್ಪ ಉರ್ದುವನ್ನು ಕೊನೆತನಕ ಪ್ರೀತಿಸಿದರು. ಆದರೆ ‘ನಿಮ್ಮದು ಸರಿಯಾದ ಕನ್ನಡ ಅಲ್ಲ ಬಿಡಿ’ ಅನ್ನಿಸಿಕೊಂಡ ಕಲಬುರಗಿಯವನಿಗೆ ‘ಆಡುಮಾತು’ ಎಂಬ ಶಬ್ದ ಎಲ್ಲಿ ಚುಚ್ಚುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಹಾಗೇ ಒಂದು ಹೆಸರು: ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ವಾದಕ ಕಸಾಲ್ಸ್. ಲೋಕಕ್ಕೆ ಪಾಬ್ಲೋ, ತನ್ನೂರಿಗೆ ಪೌ. ಕತಲಾನ್‌ನಲ್ಲಿ ‘ಪೌ’ ಅಂದರೆ ಶಾಂತಿ ಅಂತಲೂ ಆಗುತ್ತದೆ. 1971ರಲ್ಲಿ, 94ನೇ ವಯಸ್ಸಿಗೆ ವಿಶ್ವಸಂಸ್ಥೆಯಲ್ಲಿ ನಿಂತು ತಾನು ಕತಲಾನ್ ಎಂದು ಹೇಳಿ, ತನ್ನ ನಾಡಿನ ಹಕ್ಕಿಗಳ ಜನಪದ ಹಾಡೊಂದನ್ನು ನುಡಿಸಿದ.

ಪ್ರಶ್ನೆ: ಸರ್, ಗೌದಿ ಸರಪಳಿ ತಲೆಕೆಳಗೆ ಮಾಡಿ ಕಟ್ಟಡ ಕಟ್ಟಿದ ಅಂದಿರಿ. ತಿಳಿಯಲಿಲ್ಲ.
(9ನೇ ತರಗತಿ ವಿದ್ಯಾರ್ಥಿನಿ, ಭಾಲ್ಕಿ)

ಉತ್ತರ: ತಿಳಿಯುವ ಹಾಗೆ ನಾನು ಬರೆದಿರಲಿಲ್ಲ ಮಗಳೇ. ಮೊನ್ನೆ ಅಟ್ಟದ ಮೇಲಿಂದ ಹಳೇ ತೊಟ್ಟಿಲ ಸರಪಳಿ ತೆಗೆದು, ಗೋಡೆಗೆ ಎರಡು ಮೊಳೆ ಹೊಡೆದು ಸಡಿಲಾಗಿ ನೇತುಹಾಕಿದೆ. (ಸುಣ್ಣ ಉದುರಿತು ಅಂತ ಮನೆಯಲ್ಲಿ ಬೈಗುಳವೂ ಆಯಿತು.) ನಡುವೆ ಜೋತುಬಿದ್ದ ಗೆರೆ ಕಂಡಿತಲ್ಲ, ಅದರಡಿ ಕನ್ನಡಿ ಅಡ್ಡ ಹಿಡಿದೆ. ಕನ್ನಡಿಯೊಳಗೆ ಚೆಂದನೆಯ ಕಮಾನು! ತೂಗುವ ಸರಪಳಿಯ ಒಂದೊಂದು ಕೊಂಡಿಯೂ ಪಕ್ಕದ್ದನ್ನು ಬರೀ ಎಳೆಯುತ್ತದೆ. ಅದೇ ಗೆರೆಯನ್ನು ಮಗುಚಿ ಕಲ್ಲಿನಲ್ಲಿ ಕಟ್ಟಿದರೆ ಒಂದೊಂದು ಕಲ್ಲೂ ಪಕ್ಕದ್ದನ್ನು ಬರೀ ಒತ್ತುತ್ತದೆ. ಕಲ್ಲಿಗೆ ಒತ್ತಿದರೆ ತಡೆಯುವ ಶಕ್ತಿ ಉಂಟು, ಎಳೆದರೆ ಬಿರುಕು. ಇಷ್ಟೇ ಗುಟ್ಟು.

ಬಾರ್ಸಿಲೋನಾ ಹತ್ತಿರ ಕೊಲೋನಿಯಾ ಗ್ವೆಲ್ ಅಂತ ಗಿರಣಿ ಕಾರ್ಮಿಕರ ಊರಿತ್ತು, ನಮ್ಮ ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನ ಹಾಗೆ ಅದೂ ಬಟ್ಟೆ ಗಿರಣಿ. ಅಲ್ಲಿನ ಚರ್ಚಿಗೆಂದು ಗೌದಿ ಹುರಿಹಗ್ಗಗಳನ್ನು ಮಾಡಿನಿಂದ ಇಳಿಬಿಟ್ಟು, ಎಲ್ಲೆಲ್ಲಿ ಭಾರ ಬೀಳುತ್ತದೋ ಅಲ್ಲಲ್ಲಿ ಸೀಸದ ಗುಂಡು ತುಂಬಿದ ಪುಟ್ಟ ಚೀಲ ಕಟ್ಟಿದ. ಫೋಟೋ ತೆಗೆಸಿ, ಫೋಟೋ ಮಗುಚಿ, ಅದರ ಮೇಲೆ ಚಿತ್ರ ಬರೆದ. ಸುಮಾರು ಹತ್ತು ವರ್ಷ ಇದೇ ಕೆಲಸ. ಕೊನೆಗೆ ಎದ್ದದ್ದು ಕೆಳಗಿನ ಭಾಗ ಮಾತ್ರ. ನೀನೂ ಮಾಡಿ ನೋಡು. ಅವ್ವನ ಬಂಗಾರದ ಸರ ಮಾತ್ರ ಮುಟ್ಟಬೇಡ.

ಪ್ರಶ್ನೆ: ಒಡೆದ ಟೈಲ್ಸ್ ಚೂರು ಅಂಟಿಸುವುದೂ ಕಲೆಯೇ?
(ಓದುಗರು, ಬೀದರ್)

ಉತ್ತರ: ನಮ್ಮ ಮಾಳಿಗೆ ಮೇಲೆ ಬಿಸಿಲು ತಡೆಯಲಿ ಅಂತ ಗೌಂಡಿ ಬಿಳಿ ಚೂರು ಹಾಕಿದಾಗ ಕೂಲಿ ಕೊಟ್ಟೆ, ಗೌದಿ ಮಾಡಿದಾಗ ಕಲೆ ಅಂದೆ. ಹೌದು, ಈ ಪ್ರಶ್ನೆಗೆ ನನ್ನಲ್ಲಿ ಮರ್ಯಾದೆಯ ಉತ್ತರವಿಲ್ಲ. ಅಲ್ಲಿ ಅದಕ್ಕೆ ‘ತ್ರೆಂಕದೀಸ್’ ಅನ್ನುತ್ತಾರೆ, ‘ಒಡೆ’ ಎಂಬ ಶಬ್ದದಿಂದ ಬಂದದ್ದು. ಗೌದಿ ಮಾಡಿದ ಉದ್ಯಾನ ಪಾರ್ಕ್ ಗ್ವೆಲ್‌ನ ಹಾವಿನಂಥ ಉದ್ದ ಕಟ್ಟೆಯ ತುಂಬ ಅದೇ. ಡೊಂಕು ಮೈಗೆ ಇಡೀ ಟೈಲ್ ಕೂಡುವುದಿಲ್ಲ, ಚೂರು ಕೂಡುತ್ತದೆ. ಬೀದರಿನವರು ನೀವು, ಗವಾನರ ಮದರಸಾದ ಗೋಡೆಯಲ್ಲಿ ಉಳಿದ ನೀಲಿ ಟೈಲ್ಸನ್ನು ಒಮ್ಮೆ ಹತ್ತಿರದಿಂದ ನೋಡಿ ಬರ್ರಿ. 1472ರ ಕಟ್ಟಡ. ಅಲ್ಲಿ ಒಡೆದದ್ದು ಕಾಲ.

ಪ್ರಶ್ನೆ: ಮಕ್ಕಳನ್ನು ಮನುಷ್ಯರ ಮೇಲೆ ಮನುಷ್ಯರು ನಿಂತ ಗೋಪುರದ ತುದಿಗೆ ಹತ್ತಿಸುವ ವಿಡಿಯೋ ಬಂದಿತ್ತು. ಅದು ಅಲ್ಲಿಯದೇ?
(ಓದುಗರು, ಶಹಾಪುರ)

ಉತ್ತರ: ಅಲ್ಲಿಯದೇ. ಆ ಗೋಪುರಕ್ಕೆ ‘ಕಸ್ತೆಲ್’ ಅನ್ನುತ್ತಾರೆ, ಅಂದರೆ ಕೋಟೆ. ವಾಲ್ಸ್ ಎಂಬ ಊರಿನ ಕಡೆ ಹುಟ್ಟಿದ್ದು, ಇನ್ನೂರು ವರ್ಷಕ್ಕೂ ಹಳೆಯದು. 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನಾನು ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದ್ದು ತುದಿಯ ಮಗುವನ್ನಲ್ಲ, ಬುಡವನ್ನು. ನಮ್ಮವರ ರುಮಾಲಿನಷ್ಟು ಉದ್ದದ ಕರಿ ಬಟ್ಟೆಯ ಒಂದು ತುದಿ ಒಬ್ಬ ಬಿಗಿಯಾಗಿ ಹಿಡಿದರೆ, ಇನ್ನೊಬ್ಬ ಗಿರಗಿರ ತಿರುಗುತ್ತ ಸೊಂಟಕ್ಕೆ ಸುತ್ತಿಕೊಳ್ಳುತ್ತಾನೆ. ಬೆನ್ನಿಗೂ ಆಸರೆ, ಹತ್ತುವವರಿಗೂ ಮೆಟ್ಟಿಲು. ಅಂಗಿಯ ಕಾಲರ್ ಹಲ್ಲಲ್ಲಿ ಕಚ್ಚಿರುತ್ತಾರೆ, ಮೇಲೆ ಹತ್ತುವವರ ಕಾಲಿಗೆ ಅಂಗಿ ಸರಿಯಬಾರದಲ್ಲ. ಸುತ್ತ ನೂರಾರು ಮಂದಿ ಒಬ್ಬರ ಬೆನ್ನಿಗೆ ಒಬ್ಬರು ಎದೆಯೊಡ್ಡಿ ನಿಲ್ಲುತ್ತಾರೆ; ಬಿದ್ದರೆ ಬೀಳುವುದು ಇವರ ಮೇಲೆಯೇ. ಅವರಿಗೆ ಮೇಲೇನು ನಡೆದಿದೆ ಕಾಣುವುದಿಲ್ಲ. ನಮ್ಮ ಸನಾದಿಯಂಥ ‘ಗ್ರಾಲ್ಯಾ’ ಊದುತ್ತಾರೆ, ರಾಗ ಕೇಳಿಯೇ ಎಲ್ಲಿಗೆ ಬಂತು ಅಂತ ತಿಳಿಯಬೇಕು. ಮಗು ತುದಿಯಲ್ಲಿ ಕೈ ಎತ್ತಿದರೆ ಕೋಟೆ ಏರಿತು; ಆದರೆ ಎಲ್ಲರೂ ಬೀಳದೆ ಇಳಿದರೇ ಪೂರ್ತಿ ಅಂಕ. 1998ರಲ್ಲಿ ವಿಲಾಫ್ರಾಂಕಾ ಎಂಬ ಊರಿನ ತಂಡದವರು 10 ಅಂತಸ್ತು ಏರಿ ಇಳಿದರು. ಮಕ್ಕಳಿಗೆ ಈಗ ಹೆಲ್ಮೆಟ್ ಉಂಟು. ಆದರೂ ನನ್ನ ಮೊಮ್ಮಗಳನ್ನು ನಾನು ಕಳಿಸಲಾರೆ.

ಪ್ರಶ್ನೆ: ಕತಲಾನರು ಯಾರಾದರೂ ನಮ್ಮ ಕಡೆ ಬಂದದ್ದುಂಟೇ?
(ಓದುಗರು, ಯಾದಗಿರಿ)

ಉತ್ತರ: ಬಾರ್ಸಿಲೋನಾದಲ್ಲಿ 1920ರಲ್ಲಿ ಹುಟ್ಟಿದ ವಿಸೆಂತೆ ಫೆರ್ರರ್, 1952ರಲ್ಲಿ ಪಾದ್ರಿಯಾಗಲು ಭಾರತಕ್ಕೆ ಬಂದವರು. ಮಹಾರಾಷ್ಟ್ರದ ಮನ್ಮಾಡದಲ್ಲಿ ರೈತರಿಗೆ ಬಾವಿ ತೋಡಲು ನೆರವಾದರು. ಊರಿನ ದೊಡ್ಡವರಿಗೆ ಸಹನೆಯಾಗಲಿಲ್ಲ. 1968ರಲ್ಲಿ ದೇಶ ಬಿಡುವಂತೆ ಆದೇಶವಾಯಿತು, ರೈತರು ಅವರ ಪರ ಬೀದಿಗಿಳಿದರು. ಮರುವರ್ಷವೇ ತಿರುಗಿ ಬಂದು ಅನಂತಪುರದಲ್ಲಿ ನೆಲೆಸಿದರು, ಪಾದ್ರಿತನ ಬಿಟ್ಟು ಸಂಸಾರಸ್ಥರಾದರು. ಮಳೆ ಕಾಣದ ಆ ಜಿಲ್ಲೆಯಲ್ಲಿ ಮನೆ, ಶಾಲೆ, ದವಾಖಾನೆ ಕಟ್ಟಿಸುತ್ತಲೇ 2009ರಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದೂ ಆಗಿನ ಅನಂತಪುರ ಜಿಲ್ಲೆಯಲ್ಲೇ.

ನಮ್ಮ ಕೆ.ಕೆ. ಎಕ್ಸ್‌ಪ್ರೆಸ್ ಮನ್ಮಾಡದಲ್ಲೂ ನಿಲ್ಲುತ್ತದೆ, ಅನಂತಪುರದಲ್ಲೂ ನಿಲ್ಲುತ್ತದೆ. ನಡುವೆ ನಮ್ಮ ಕಲಬುರಗಿ, ನಿಮ್ಮ ಯಾದಗಿರಿ. ಮುಂದಿನ ಸಲ ಬೆಂಗಳೂರಿಗೆ ಹೊರಟಾಗ ಅನಂತಪುರದ ಪ್ಲಾಟ್‌ಫಾರ್ಮಿನಲ್ಲಿ ಚಹಾದವನನ್ನೋ ಹಮಾಲನನ್ನೋ ಕೇಳಿ ನೋಡ್ರಿ. ಪೂರ್ತಿ ಹೆಸರು ಬೇಡ, ‘ಫಾದರ್’ ಅನ್ರಿ.