‘ಸದ್ಯಕ್ಕೆ ಬಿಡ್ತೀನಿ’ ಅಂತ ಹೇಳಬೇಡಿ

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಬೆಂಗಳೂರಿನ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಕಾಲೇಜಿನಲ್ಲಿ ಫುಟ್‌ಬಾಲ್ ಆಡುತ್ತಿದ್ದೆ. ಆಮೇಲೆ ಆಡಲು ಟೀಮ್ ಸಿಗಲಿಲ್ಲ, ರೆಫರಿ ಪರೀಕ್ಷೆ ಬರೆದು ಪಾಸಾದೆ. ಈಗ ಶನಿವಾರ, ಭಾನುವಾರ ಮ್ಯಾಚ್ ನಡೆಸುತ್ತೇನೆ. ಹೋದ ತಿಂಗಳು ಗಂಡಸರ ಲೀಗ್ ಮ್ಯಾಚೊಂದರ ಕೊನೆಯಲ್ಲಿ ಪೆನಾಲ್ಟಿ ಕೊಟ್ಟೆ. ಆಗ ನಾನು ಸುಮಾರು ಮೂವತ್ತು ಮೀಟರ್ ಹಿಂದಿದ್ದೆ. ನಿಜ ಹೇಳಬೇಕೆಂದರೆ ಡಿಫೆಂಡರ್ ಬೆನ್ನು ಮಾತ್ರ ಕಾಣಿಸಿತ್ತು. ಒಬ್ಬ ಆಟಗಾರ ಮುಖದ ಹತ್ತಿರವೇ ಬಂದು, ‘ಮನೆಗೋಗಿ ಮುದ್ದೆ ತೊಳಸು’ ಅಂದ. ಕೇಳಿಸದ ಹಾಗೆ ಇದ್ದುಬಿಟ್ಟೆ. ಆ ವಿಡಿಯೋ ವಾಟ್ಸಾಪ್‌ನಲ್ಲಿ ಓಡಾಡಿತು. ಅವತ್ತಿನಿಂದ ಸೀಟಿ ಊದುವಾಗ ಕೈ ನಡುಗುತ್ತದೆ. ಈ ನಡುವೆ ಮದುವೆ ಗೊತ್ತಾಗಿದೆ. ಹುಡುಗ ಒಳ್ಳೆಯವರು, ಆದರೆ ನನ್ನ ಒಂದು ಮ್ಯಾಚನ್ನೂ ನೋಡಿಲ್ಲ. ಅವರ ತಾಯಿಗೆ ನಾನು ಚಡ್ಡಿ ಹಾಕಿಕೊಂಡು ಗಂಡಸರ ಮಧ್ಯೆ ಓಡುವುದು ಇಷ್ಟವಿಲ್ಲ. ‘ಸದ್ಯಕ್ಕೆ ಬಿಡ್ತೀನಿ ಅಂತ ಅಮ್ಮನಿಗೆ ಹೇಳು, ಮದುವೆ ಆದ್ಮೇಲೆ ನೋಡೋಣ’ ಅನ್ನುತ್ತಾರೆ ಇವರು. ಮುಂದಿನ ಹಂತದ ರೆಫರಿ ಫಿಟ್‌ನೆಸ್ ಪರೀಕ್ಷೆಯೂ ನಿಶ್ಚಿತಾರ್ಥವೂ ಒಂದೇ ದಿನ ಬಿದ್ದಿವೆ. ಬಿಟ್ಟುಬಿಡಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಕಟಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಆ ಪೆನಾಲ್ಟಿಯ ಭಯ ಇಲ್ಲದಿದ್ದರೆ ‘ಸದ್ಯಕ್ಕೆ ಬಿಡು’ ಎಂಬ ಮಾತಿಗೆ ನೀವು ಇಷ್ಟು ಸುಲಭವಾಗಿ ಅಲ್ಲಾಡುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಹಾಗಾಗಿ ಮೊದಲು ಪೆನಾಲ್ಟಿ ವಿಷಯ ಮುಗಿಸೋಣ.

ನೀವು ತಪ್ಪು ತೀರ್ಪು ಕೊಟ್ಟಿರೋ ಇಲ್ಲವೋ ನಾನು ಹೇಳಲಾರೆ. ಆದರೆ ‘ಮೂವತ್ತು ಮೀಟರ್ ಹಿಂದಿದ್ದೆ, ಬೆನ್ನು ಮಾತ್ರ ಕಾಣಿಸಿತು’ ಎಂದು ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ. ಅದು ನೀವು ನಿಂತಿದ್ದ ಜಾಗದ ಸಮಸ್ಯೆ. ಹೆಣ್ಣಾಗಿದ್ದಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಒಂದು ಟೀಮ್ ತನ್ನ ಕಾರ್ನರ್ ಕಿಕ್‌ನಲ್ಲಿ ಬಾಲ್ ಕಳೆದುಕೊಂಡು ಎದುರಾಳಿ ಉದ್ದನೆ ಬಾಲ್ ಹೊಡೆದಾಗ ಎಂಥ ರೆಫರಿಯೂ ಹಿಂದೆ ಬೀಳುತ್ತಾರೆ. ಪಳಗಿದವರು ಬಾಲ್ ಹೋದ ಮೇಲೆ ಓಡುವುದಿಲ್ಲ. ಒದೆಯುವವನು ತಲೆ ಎತ್ತಿ ದೂರ ನೋಡಿದ ಕೂಡಲೇ ಓಟ ಶುರು ಮಾಡುತ್ತಾರೆ. ಇಬ್ಬರು ಆಟಗಾರರ ಹಿಂದೆ ನಿಲ್ಲದೆ ಪಕ್ಕಕ್ಕೆ ಸರಿದು, ಅವರ ಕಾಲುಗಳ ನಡುವಿನ ಜಾಗ ಕಾಣುವ ಹಾಗೆ ನೋಡುತ್ತಾರೆ. ಇದು ಅಭ್ಯಾಸದಿಂದ ಬರುವ ವಿದ್ಯೆ. ಆ ವಿಡಿಯೋವನ್ನು ಒಬ್ಬರೇ ಕೂತು ಮತ್ತೆ ಮತ್ತೆ ನೋಡಿ ಅಳಬೇಡಿ. ನಿಮಗಿಂತ ಹಿರಿಯ ರೆಫರಿ ಒಬ್ಬರ ಜೊತೆ ಒಂದೇ ಸಲ ನೋಡಿ. ‘ನಾನು ಎಲ್ಲಿರಬೇಕಿತ್ತು? ಲೈನ್‌ನಲ್ಲಿದ್ದ ಸಹಾಯಕ ರೆಫರಿಗಳ ಕಡೆ ಯಾವಾಗ ನೋಡಬೇಕಿತ್ತು?’ ಅಂತ ಕೇಳಿ. ಆಮೇಲೆ ಆ ವಿಡಿಯೋ ಅಳಿಸಿಹಾಕಿ. ಆಟ ಮತ್ತೆ ಶುರುವಾದ ಮೇಲೆ ರೆಫರಿ ಆ ತೀರ್ಪನ್ನು ಬದಲಾಯಿಸುವ ಹಾಗಿಲ್ಲ ಅಂತ ನಿಯಮವೇ ಹೇಳುತ್ತದೆ. ನಿಮ್ಮ ಮಟ್ಟದ ಮ್ಯಾಚಿನಲ್ಲಿ ವಿಎಆರ್ (ವಿಡಿಯೋ ನೋಡಿ ತೀರ್ಪು ಪರಿಶೀಲಿಸುವ ರೆಫರಿ) ಇಲ್ಲ, ಹತ್ತು ಕ್ಯಾಮೆರಾ ಇಲ್ಲ. ನಿಮ್ಮ ಎರಡು ಕಣ್ಣು, ಲೈನ್‌ನಲ್ಲಿರುವ ಇಬ್ಬರ ಬಾವುಟ, ಅಷ್ಟೇ.

ಆ ಮುದ್ದೆಯ ಮಾತು ಬೇರೆ. ಅದನ್ನು ಓದಿ ನನಗೆ ಮೈ ಉರಿಯಿತು. ಅವಮಾನ ಮಾಡುವ ಮಾತಿಗೆ ಫುಟ್‌ಬಾಲ್‌ನ 12ನೇ ನಿಯಮದಲ್ಲಿ ಇರುವ ಶಿಕ್ಷೆ ರೆಡ್ ಕಾರ್ಡ್. ನೀವು ಕೇಳಿಸದ ಹಾಗೆ ಇದ್ದದ್ದು ನನಗೆ ಅರ್ಥವಾಗುತ್ತದೆ. ಸುತ್ತ ಹತ್ತು ಜನ ಕೂಗಾಡುವಾಗ ಒಬ್ಬಳೇ ಹುಡುಗಿ ಜೇಬಿಗೆ ಕೈ ಹಾಕುವುದು ಸುಲಭವಲ್ಲ. ಆದರೆ ಮುಂದಿನ ಸಲ ಕಾರ್ಡ್ ತೆಗೆಯಿರಿ. ಅವನು ಏನಂದನೋ ಅದನ್ನೇ, ಮುದ್ದೆಯ ಸಮೇತ, ಮ್ಯಾಚ್ ರಿಪೋರ್ಟ್‌ನಲ್ಲಿ ಬರೆಯಿರಿ. ಬರೆಯದೆ ಇದ್ದದ್ದರ ಮೇಲೆ ಯಾವ ಸಂಸ್ಥೆಯೂ ಕ್ರಮ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ಉಪಾಯವೂ ಇದೆ. 2024ರ ಯೂರೋ ಕಪ್‌ನಲ್ಲಿ ರೆಫರಿ ಜೊತೆ ಮಾತಾಡಲು ಕ್ಯಾಪ್ಟನ್ ಒಬ್ಬರಿಗೇ ಅವಕಾಶ ಅಂತ ಮಾಡಿದ್ದರು. ನೀವೂ ಟಾಸ್ ಹೊತ್ತಲ್ಲೇ ಇಬ್ಬರು ಕ್ಯಾಪ್ಟನ್‌ಗಳಿಗೆ ಹೇಳಿಬಿಡಿ: ಕೇಳುವುದಿದ್ದರೆ ನೀವು ಬನ್ನಿ, ಬೇರೆ ಯಾರೂ ಬೇಡ. ಮೊದಲ ಹತ್ತು ನಿಮಿಷ ಇದನ್ನು ಬಿಗಿಯಾಗಿ ಹಿಡಿದರೆ ಕೂಗಾಟ ಎಷ್ಟೋ ಕಡಿಮೆಯಾಗುತ್ತದೆ. ಕೈ ನಡುಗುವುದು ಒಂದೇ ದಿನಕ್ಕೆ ಹೋಗಲ್ಲ. ಎರಡು ವಾರ ಮಕ್ಕಳ ಮ್ಯಾಚ್ ಕೇಳಿ ತೆಗೆದುಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಈ ದಾರಿ ಎಲ್ಲಿಗಾದರೂ ಹೋಗುತ್ತದಾ ಅನ್ನುವ ಅನುಮಾನವೂ ನಿಮಗಿದ್ದೀತು. ಗಂಡಸರ ವಿಶ್ವಕಪ್ ಶುರುವಾದದ್ದು 1930ರಲ್ಲಿ. ಅದರಲ್ಲಿ ಒಬ್ಬ ಹೆಣ್ಣುಮಗಳು ಮುಖ್ಯ ರೆಫರಿಯಾಗಿ ಮೈದಾನಕ್ಕೆ ಇಳಿಯಲು 2022ರ ತನಕ ಕಾಯಬೇಕಾಯಿತು. ಕತಾರ್‌ನಲ್ಲಿ ಜರ್ಮನಿ–ಕೋಸ್ಟರಿಕಾ ಪಂದ್ಯ ನಡೆಸಿದವರು ಫ್ರಾನ್ಸಿನ ಸ್ಟೆಫನಿ ಫ್ರಾಪಾರ್. ಅವತ್ತು ಲೈನ್‌ನಲ್ಲಿ ಬಾವುಟ ಹಿಡಿದಿದ್ದವರೂ ಇಬ್ಬರು ಹೆಂಗಸರೇ. ನಮ್ಮವರಲ್ಲಿ ಗೋವಾದ ಉವೇನಾ ಫರ್ನಾಂಡಿಸ್ 2016ರಲ್ಲಿ ಜೋರ್ಡನ್‌ನಲ್ಲಿ ನಡೆದ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್‌ಗೆ ಸಹಾಯಕ ರೆಫರಿಯಾಗಿ ಹೋಗಿದ್ದರು. ಪಕ್ಕದ ತಮಿಳುನಾಡಿನ ದಿಂಡಿಗಲ್‌ನ ರೂಪಾದೇವಿ ಫಿಫಾ ರೆಫರಿ ಆದರು. ದುಡ್ಡಿನ ವಿಷಯದಲ್ಲಿ ಮಾತ್ರ ಸುಳ್ಳು ಆಸೆ ಹುಟ್ಟಿಸಲಾರೆ. ಇಲ್ಲಿ ಬರೀ ಮ್ಯಾಚ್ ಫೀಸ್ ನಂಬಿ ಸಂಸಾರ ನಡೆಯುವುದು ಕಷ್ಟ. ಶಾಲೆಯ ಕೆಲಸ ಬಿಡಬೇಡಿ. ಜರ್ಮನಿಯ ಗಂಡಸರ ಅಗ್ರ ಲೀಗ್ ಬುಂಡೆಸ್‌ಲೀಗಾದಲ್ಲಿ 2017ರಲ್ಲಿ ಮೊದಲ ಮಹಿಳಾ ರೆಫರಿಯಾದ ಬಿಬಿಯಾನಾ ಸ್ಟೈನ್‌ಹಾಸ್ ಪೊಲೀಸ್ ಅಧಿಕಾರಿಯಾಗಿದ್ದವರು. ನಿಮ್ಮದು ಪಿ.ಟಿ. ಕೆಲಸ, ಬೆಳಗ್ಗೆ ಮೈದಾನದಲ್ಲೇ ಇರುತ್ತೀರಿ. ಅದು ದೊಡ್ಡ ಅನುಕೂಲ ಅಲ್ವಾ?

ಇನ್ನು ಮದುವೆ. ‘ಸದ್ಯಕ್ಕೆ ಬಿಡ್ತೀನಿ ಅಂತ ಹೇಳು, ಆಮೇಲೆ ನೋಡೋಣ.’ ಈ ಮಾತನ್ನು ಒಪ್ಪಬೇಡಿ. ಆ ಹುಡುಗ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅಮ್ಮನಿಗೂ ನಿಮಗೂ ನಡುವೆ ಜಗಳ ಬೇಡ ಅನ್ನುವ ಆಸೆ ಅವರದು. ಆದರೆ ಮದುವೆಯಾದ ಮೇಲೆ ಏನಾಗುತ್ತದೆ ನೋಡಿ. ನಾಲ್ಕು ತಿಂಗಳು ಕಳೆದು ನೀವು ಬೂಟು ಕಟ್ಟಿದ ದಿನ ಅತ್ತೆಯವರು ‘ಬಿಡ್ತೀನಿ ಅಂದಿದ್ದೆಯಲ್ಲಮ್ಮ’ ಅನ್ನುತ್ತಾರೆ. ಅವರು ಹಾಗೆ ಕೇಳಿದರೆ ತಪ್ಪೇನೂ ಇಲ್ಲ, ಮಾತು ಕೊಟ್ಟವರು ನೀವು. ಇವತ್ತು ಅವರ ಜೊತೆ ಇರುವುದು ಬರೀ ಭಿನ್ನಾಭಿಪ್ರಾಯ. ಅವತ್ತು ನಿಮ್ಮ ಮೇಲೆ ಸುಳ್ಳಿನ ಆರೋಪವೂ ಸೇರಿಕೊಳ್ಳುತ್ತದೆ. ಅಷ್ಟರಲ್ಲಿ ಓಟ ನಿಂತು, ಪರೀಕ್ಷೆ ತಪ್ಪಿ, ಪಟ್ಟಿಯಲ್ಲಿ ನಿಮ್ಮ ಹಿಂದಿದ್ದವರು ಮುಂದೆ ಹೋಗಿರುತ್ತಾರೆ.

ಅಮ್ಮನಿಗೆ ಹೇಳಬೇಕಾದವರು ಮಗ. ‘ಅವಳು ರೆಫರಿ, ಮುಂದೆಯೂ ಇರುತ್ತಾಳೆ, ನನಗೆ ಒಪ್ಪಿಗೆ ಇದೆ’ ಎಂಬ ಮಾತು ಅವರ ಬಾಯಿಂದಲೇ ಬರಬೇಕು. ಅದಕ್ಕೆ ಮೊದಲು ಈ ಭಾನುವಾರವೇ ಅವರನ್ನು ಒಂದು ಮ್ಯಾಚಿಗೆ ಕರೆಯಿರಿ. ಗ್ಯಾಲರಿ ಮೇಲೆ ಬೇಡ, ಲೈನ್ ಹತ್ತಿರ ನಿಲ್ಲಲಿ. ನೀವು ಓಡುವುದನ್ನೂ ನೋಡಲಿ, ಜನ ಏನೇನು ಅನ್ನುತ್ತಾರೆ ಅನ್ನುವುದನ್ನೂ ಕೇಳಿಸಿಕೊಳ್ಳಲಿ. ವಾಪಸ್ ಬರುವಾಗ ಅವರು ಏನು ಮಾತಾಡುತ್ತಾರೆ ಅನ್ನುವುದನ್ನು ಗಮನಿಸಿ. ‘ಅಷ್ಟೊಂದು ಹೇಗೆ ಓಡ್ತೀಯ’ ಅಂದರೆ ಒಂದು ರೀತಿ. ‘ಇದೆಲ್ಲ ಯಾಕೆ ಬೇಕು ನಿಂಗೆ’ ಅಂದರೆ ಇನ್ನೊಂದು ರೀತಿ. ಎರಡನೆಯದಾದರೆ ಮದುವೆ ಮುರಿಯಿರಿ ಅಂತ ನಾನು ಹೇಳುವುದಿಲ್ಲ. ಆದರೆ ನಿಶ್ಚಿತಾರ್ಥಕ್ಕೆ ಅವಸರ ಬೇಡ ಅಂತ ಖಂಡಿತ ಹೇಳುತ್ತೇನೆ.

ಮಕ್ಕಳಾದ ಮೇಲೆ ಸ್ವಲ್ಪ ಕಾಲ ಬಿಡುವು ಬೇಕಾಗಬಹುದು. ಅದನ್ನು ಆಗ, ನೀವಿಬ್ಬರೇ ಕೂತು ತೀರ್ಮಾನ ಮಾಡಿ. ಈಗಲೇ ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ಉಳಿದದ್ದು ಆ ದಿನಾಂಕ. ನಿಮ್ಮ ಅಪ್ಪನ ಹತ್ತಿರ ಇವತ್ತೇ ಮಾತಾಡಿ. ಪಂಚಾಂಗದಲ್ಲಿ ಮುಂದಿನ ಒಳ್ಳೆ ದಿನ ಹುಡುಕುವುದು ಕಷ್ಟವಲ್ಲ, ಛತ್ರದವರ ಜೊತೆ ಮಾತಾಡಿದರೆ ಆಯಿತು. ಪರೀಕ್ಷೆ ನಿಮಗೋಸ್ಕರ ಮುಂದಕ್ಕೆ ಹೋಗುವುದಿಲ್ಲ. ಫಿಫಾ ಮಾದರಿಯದ್ದಾದರೆ 40 ಮೀಟರಿನ ಆರು ಓಟ, ಆಮೇಲೆ 75 ಮೀಟರ್ ಓಡಿ 25 ಮೀಟರ್ ನಡೆಯುವುದು, ಹೀಗೆ 40 ಸಲ. ಅಂದರೆ 400 ಮೀಟರ್ ಟ್ರ್ಯಾಕಿನಲ್ಲಿ ಹತ್ತು ಸುತ್ತು. ಸುಮ್ನೆ ನಿಧಾನಕ್ಕೆ ಜಾಗಿಂಗ್ ಮಾಡಿಕೊಂಡಿದ್ದರೆ ಇದಕ್ಕೆ ಸಾಲದು, ಓಡಿ ನಡೆದು ಮತ್ತೆ ಓಡುವ ಅಭ್ಯಾಸವೇ ಬೇಕು. ಶಾಲೆಯ ಮೈದಾನದಲ್ಲಿ ಮಕ್ಕಳು ಬರುವ ಮೊದಲು ನಾಳೆಯಿಂದಲೇ ಶುರು ಮಾಡಿ. ಪರೀಕ್ಷೆ ಮುಗಿದ ಮೇಲೆ, ಏನಾಯಿತು ಅಂತ ನನಗೆ ಎರಡು ಸಾಲು ಬರೆಯಿರಿ.